ಊರಿಗೆ ಮರಳುವ ಟಿಕೆಟ್ಟು ಯಾರ ಲೆಕ್ಕಕ್ಕೆ?

ಬನಶಂಕರಿ ಜಾತ್ರೆಯ ದಿನಗಳಲ್ಲಿ ಬಾದಾಮಿಯ ಬಸ್ ನಿಲ್ದಾಣದಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಬನದ ಹುಣ್ಣಿಮೆಯ ತೇರು ಎಳೆದು ಒಂದು ವಾರ ಕಳೆದಿದ್ದ ಭಾನುವಾರ ಸಂಜೆ ನಾನು ಅಲ್ಲಿದ್ದೆ. ಜೊತೆಗೆ ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಸಂಸಾರ ಹೂಡಿರುವ ಅವನು ವಾರದ ಐದು ದಿನ ಮುಂಬೈಯಲ್ಲಿ ಗ್ರಾಹಕ ಸಂಸ್ಥೆಯೊಂದರ ಕಚೇರಿಯಲ್ಲಿ ಕುಳಿತು ಆಡಳಿತ ಸಲಹೆಗಾರನಾಗಿ ದುಡಿಯುತ್ತಾನೆ. ಪ್ರತಿ ಶುಕ್ರವಾರ ರಾತ್ರಿ ಮನೆಗೆ ಬಂದು ಸೋಮವಾರ ನಸುಕಿನಲ್ಲಿ ಹಿಂದಿರುಗುವ ವಿಮಾನದ ಟಿಕೆಟ್ಟನ್ನು ಕಂಪನಿಯೇ ಕೊಡುತ್ತದೆ. ಯಾವುದಾದರೊಂದು ವಾರ ಮನೆಗೆ ಹೋಗದಿದ್ದರೆ ಅಷ್ಟೇ ಮೊತ್ತದ ಮಿತಿಯಲ್ಲಿ ಬೇರೆ ಊರಿಗೆ ಹೋಗಿ ಬರಬಹುದು. ಅದೂ ಬೇಡವೆಂದರೆ ಹೆಂಡತಿಯನ್ನೇ ಮುಂಬೈಗೆ ಕರೆಸಿಕೊಳ್ಳಬಹುದು. ಈ ಎರಡನೆಯ ಸೌಲಭ್ಯವನ್ನು ಬಳಸಿಕೊಂಡು ಅವನು ಆ ವಾರ ಹುಬ್ಬಳ್ಳಿಗೆ ಬಂದಿಳಿದು, ಧಾರವಾಡದಿಂದ ನನ್ನನ್ನೂ ಎಬ್ಬಿಸಿಕೊಂಡು ಬಾದಾಮಿಗೆ ಕರೆತಂದಿದ್ದ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನವನ್ನು ನೋಡಿದ್ದೂ ಆಯಿತು, ಜಾತ್ರೆಯಲ್ಲಿ ಸುತ್ತಿದ್ದೂ ಆಯಿತು. ಅವನ ಬಾಡಿಗೆ ಕಾರು ಜಾತ್ರೆಯ ಜನದಟ್ಟಣೆಯಲ್ಲಿ ಸಿಕ್ಕಿಬಿದ್ದಿದ್ದರಿಂದ ನಾವು ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಕಾಯಬೇಕಾಯಿತು.

ಮಂಗಳೂರಿಗೆ ಹೊರಡುವ ಬಸ್ಸಿಗಾಗಿ ಕಾಯುತ್ತಿದ್ದವರೂ ಅದೇ ಕಟ್ಟೆಯ ಮೇಲಿದ್ದರು. ಕಟಿರೊಟ್ಟಿಯ ಗಂಟು, ಹಿಂಡಿಯ ಡಬ್ಬಿ, ಮಡಚಿ ಕಟ್ಟಿದ ಹಾಸಿಗೆ. ನನ್ನ ಪಕ್ಕದಲ್ಲಿದ್ದ ಯುವಕ ಸುರತ್ಕಲ್ ಕಡೆ ಸೆಂಟ್ರಿಂಗ್ ಕೆಲಸದಲ್ಲಿದ್ದವನು. ಎಷ್ಟು ದಿನಕ್ಕೊಮ್ಮೆ ಊರಿಗೆ ಬರುತ್ತೀ ಎಂದು ಕೇಳಿದೆ.

"ಪಂಚಮಿಗೊಮ್ಮೆ, ಜಾತ್ರಿಗೊಮ್ಮೆ ಬರ್ತೀನ್ರಿ. ನಡುವ ಯಾರರ ಸತ್ರ ಬರೂದು."

"ಯಾಕಪ್ಪಾ, ರಾತ್ರಿ ಕುಂತರ ಮುಂಜಾನಿ ಊರು."

"ಬಂದು ಹೋಗಾಕ ನಾಕ ದಿವಸದ ಪಗಾರ ಹೋಗ್ತೈತ್ರಿ, ಸಾಹೇಬ್ರ. ಎರಡ ದಿವಸದ್ದು ಗಾಡಿಗೆ, ಎರಡ ದಿವಸದ್ದು ಕೆಲಸ ತಪ್ಪಿದ್ದಕ್ಕ."

ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಮಗೆ ಅವಕಾಶ ವೆಚ್ಚವೆಂಬ ಪರಿಕಲ್ಪನೆಯನ್ನು ಕಲಿಸಲು ಪ್ರಾಧ್ಯಾಪಕರು ಎರಡು ದಿನ ತೆಗೆದುಕೊಂಡಿದ್ದರು. ಈತ ಅದನ್ನು ಎರಡು ವಾಕ್ಯಗಳಲ್ಲಿ ಮುಗಿಸಿದ. ಟಿಕೆಟ್ಟಿನ ಬೆಲೆ ವೆಚ್ಚದ ಅರ್ಧ ಮಾತ್ರ. ಉಳಿದರ್ಧ ದುಡಿಯದೆ ಕಳೆದ ದಿನಗಳದ್ದು. ನನ್ನ ಸೋದರಳಿಯನ ವಿಷಯದಲ್ಲಿ ಈ ಎರಡೂ ಅರ್ಧಗಳನ್ನು ಬೇರೆಯವರು ತುಂಬಿಕೊಡುತ್ತಾರೆ. ಇಬ್ಬರೂ ಸೋಮವಾರ ಬೆಳಿಗ್ಗೆ ತಮ್ಮ ತಮ್ಮ ಕೆಲಸದ ಜಾಗದಲ್ಲಿರಬೇಕಾದವರೇ.

ಇದನ್ನು ಓದಿ, ಸಲಹೆಗಾರರ ವಾರಾಂತ್ಯದ ಸುಖವನ್ನು ಹಳಿಯಲು ನಾನು ಹೊರಟಿದ್ದೇನೆಂದು ಯಾರೂ ಭಾವಿಸಬಾರದು. ಆ ಸೌಲಭ್ಯ ವಿವೇಕದ್ದೇ. ಮನೆಯಿಂದ ದೂರವಿರುವ ಮನುಷ್ಯನಿಗೆ ಮನೆಯೊಂದಿದೆ ಎಂಬುದನ್ನು ಉದ್ಯೋಗದಾತ ಒಪ್ಪಿಕೊಂಡಿರುವುದರ ಗುರುತು ಅದು. ಹಾಗೆಂದು ಅದು ದಯೆಯೂ ಅಲ್ಲ. ನೌಕರ ಶನಿವಾರ, ಭಾನುವಾರ ಅಲ್ಲಿಯೇ ಉಳಿದರೆ ಹೋಟೆಲಿನ ಕೋಣೆಗೆ, ಊಟಕ್ಕೆ ಹಣ ತೆರಲೇಬೇಕು. ಮನೆಗೆ ಕಳುಹಿಸಿದರೆ ಅದು ಉಳಿಯುತ್ತದೆ. ಎರಡರ ಅಂತರ ಅನೇಕ ವೇಳೆ ಅತ್ಯಲ್ಪ. ಜೊತೆಗೆ, ವರ್ಷಗಟ್ಟಲೆ ತರಬೇತಿ ಕೊಟ್ಟ ನೌಕರ ಬೇಸತ್ತು ರಾಜೀನಾಮೆ ಕೊಟ್ಟರೆ ಆಗುವ ನಷ್ಟದ ಮುಂದೆ ಐವತ್ತು ಟಿಕೆಟ್ಟುಗಳ ಬೆಲೆ ಏನೂ ಅಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಈ ಹಣವನ್ನು ಸಲಹಾ ಕಂಪನಿ ತನ್ನ ಜೇಬಿನಿಂದ ಕೊಡುವುದು ಕಡಿಮೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಗಳ ಸಲಹಾ ಒಪ್ಪಂದಗಳನ್ನು ತೆರೆದು ನೋಡಿದವರಿಗೆ ಗೊತ್ತು: ಅಲ್ಲಿ ಸಂಭಾವನೆ ಎಂಬುದೊಂದು ಬಾಬು, ಮರುಪಾವತಿ ವೆಚ್ಚಗಳು ಎಂಬುದು ಇನ್ನೊಂದು ಬಾಬು. ಪ್ರಯಾಣ, ದಿನಭತ್ಯೆ, ವಸತಿಗಳೆಲ್ಲ ಎರಡನೆಯದರಲ್ಲಿ ಸೇರಿ ಗ್ರಾಹಕನ ತಲೆಗೆ ಬರುತ್ತವೆ. ಗ್ರಾಹಕ ಸರ್ಕಾರವಾದಾಗ ಆ ತಲೆ ನಮ್ಮ ನಿಮ್ಮದು.

ಸರ್ಕಾರಿ ನೌಕರರೂ ಈ ತತ್ತ್ವಕ್ಕೆ ಹೊರತಾದವರಲ್ಲ. ಕೇಂದ್ರ ಸರ್ಕಾರ ತನ್ನ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿಯನ್ನು ಆರಂಭಿಸಿದ್ದು 1956ರಲ್ಲಿ. ನೌಕರನಿಗೊಂದು ಸ್ವಂತ ಊರಿರುತ್ತದೆ, ಆಗಾಗ ಅಲ್ಲಿಗೆ ಹೋಗಿಬರುವುದು ಅವನ ಅಗತ್ಯ, ಅದಕ್ಕೆ ಮಾಲೀಕ ನೆರವಾಗಬೇಕು ಎಂಬ ವಿಚಾರವೇ ಅದರ ಮೂಲ. ಸ್ವಂತ ಊರು ಯಾವುದೆಂದು ಘೋಷಿಸುವ ನಮೂನೆಯೂ ಇತ್ತು. ಖಾಸಗಿ ನೌಕರರ ಇಂತಹ ಪ್ರಯಾಣಕ್ಕೂ 1961ರ ಆದಾಯ ತೆರಿಗೆ ಕಾಯ್ದೆ ನಾಲ್ಕು ವರ್ಷಗಳ ಅವಧಿಯಲ್ಲಿ ಎರಡು ಬಾರಿ ವಿನಾಯಿತಿ ನೀಡಿತು. ಅಂದರೆ ಈ ಪುಟವನ್ನು ಓದುತ್ತಿರುವ ನಮ್ಮಂಥವರು ಊರಿಗೆ ಹೋಗಿ ಬಂದ ಖರ್ಚಿನಲ್ಲಿ ಒಂದು ಪಾಲನ್ನು ಬೊಕ್ಕಸ ದಶಕಗಳ ಕಾಲ ಹೊತ್ತಿದೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ತೊಂಬತ್ತರ ದಶಕದಲ್ಲಿ ನಾನು ಬಾಗಲಕೋಟೆಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೆ. ಆಗ ಅದಿನ್ನೂ ವಿಜಾಪುರ ಜಿಲ್ಲೆಯ ಊರು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಲಮಟ್ಟಿಯ ಹಿನ್ನೀರು ಹಳೆಯ ಪಟ್ಟಣದ ಅಂಚಿಗೆ ಬರಲಿದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಯ ಎರಡನೆಯ ಹಂತಕ್ಕೆ 1989ರಲ್ಲಿ ವಿಶ್ವಬ್ಯಾಂಕ್ ಸಾಲ ಕೊಟ್ಟಿತ್ತು, ಪುನರ್ವಸತಿ ಸರಿಯಾಗಿಲ್ಲವೆಂದು 1992ರಲ್ಲಿ ಮತ್ತು 1995ರಲ್ಲಿ ಹಣವನ್ನು ತಡೆಹಿಡಿದಿತ್ತು. ಸಮಾಜಶಾಸ್ತ್ರಜ್ಞರು, ಭೂಮಾಪನದವರು, ಇಂಜಿನಿಯರುಗಳು ಹೀಗೆ ನಾನಾ ಬಗೆಯ ಸಲಹೆಗಾರರು ಈ ಸೀಮೆಗೆ ಬಂದು ಹೋಗುತ್ತಿದ್ದ ಕಾಲವದು. ಅವರಲ್ಲಿ ಒಬ್ಬರು ತಮ್ಮ ಬಿಲ್ಲಿನಲ್ಲಿ ಪ್ರತಿ ವಾರಾಂತ್ಯ ಬೆಂಗಳೂರಿಗೆ ಹೋಗಿಬಂದ ಖರ್ಚನ್ನು ಸೇರಿಸಿದ್ದರು. ಮುಳುಗುವ ಮನೆಗಳ ಪರಿಹಾರದ ಕಡತಗಳ ನಡುವೆ ಕುಳಿತಿದ್ದ ನನಗೆ ಸಿಟ್ಟು ಬಂತು. 'ಒಪ್ಪುವಂತಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಬಹಳ ನೈತಿಕ ಸಮಾಧಾನವೂ ಆಯಿತು. ಆ ಮನುಷ್ಯ ನಾಲ್ಕೈದು ತಿಂಗಳಲ್ಲಿ ಕೆಲಸ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದವರಿಗೆ ಹಳ್ಳಿಗಳ ನಕ್ಷೆ, ಕುಟುಂಬಗಳ ಪಟ್ಟಿ, ಯಾರ ತಕರಾರು ಎಲ್ಲಿದೆ ಎಂಬುದೆಲ್ಲ ಅರ್ಥವಾಗಲು ಮತ್ತೆ ಒಂದು ಮಳೆಗಾಲ ಹಿಡಿಯಿತು. ನಾನು ಉಳಿಸಿದ ಹಣಕ್ಕಿಂತ ಆ ವಿಳಂಬಕ್ಕೆ ಜನ ತೆತ್ತ ಬೆಲೆ ದೊಡ್ಡದು.

ಇನ್ನೂ ಒಂದು ಮಾತು. ಅದೇ ದಿನಗಳಲ್ಲಿ ನನ್ನ ಹೆಂಡತಿ, ಮಕ್ಕಳು ಧಾರವಾಡದಲ್ಲಿದ್ದರು. ಶನಿವಾರ ಮಧ್ಯಾಹ್ನ ಆ ದಿಕ್ಕಿನಲ್ಲಿ ತಪಾಸಣೆ ಮಾಡಬೇಕಾದ ಕೆಲಸ ನನಗೆ ಹೇಗೋ ಸಿಕ್ಕೇ ಸಿಗುತ್ತಿತ್ತು. ಸರ್ಕಾರಿ ಜೀಪೂ ಸಿಗುತ್ತಿತ್ತು. ನನ್ನ ಮೇಲಿನವರಿಗೆ ಬೆಂಗಳೂರಿನಲ್ಲಿ ಶುಕ್ರವಾರವೇ ಸಭೆಗಳಿರುತ್ತಿದ್ದವು. ಜಿಲ್ಲೆಗಳಲ್ಲಿ ಕೆಲಸ ಮಾಡಿದ ಯಾವ ಅಧಿಕಾರಿಯನ್ನಾದರೂ ಕೇಳಿ ನೋಡಿ, ಶುಕ್ರವಾರದ ಸಭೆಯ ಮಹಿಮೆಯನ್ನು ಹೇಳಿ ನಗುತ್ತಾರೆ. ಸಲಹೆಗಾರರು ಒಪ್ಪಂದದಲ್ಲಿ ಬರೆದು ಪಡೆಯುವುದನ್ನು ನಾವು ದಿನಚರಿಯಲ್ಲಿ ಬರೆದು ಪಡೆಯುತ್ತಿದ್ದೆವು. ಎರಡರಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಯಾವುದೆಂದು ಕೇಳಿದರೆ ನನ್ನ ಉತ್ತರ ನನಗೆ ಅನುಕೂಲವಾಗಿಲ್ಲ.

ಊರು ಬಿಟ್ಟು ದುಡಿಯುವುದು ಈ ಸೀಮೆಗೆ ಹೊಸದಲ್ಲ. ಹುನಗುಂದ ಸೀಮೆಯ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘ ದಕ್ಷಿಣ ಭಾರತವನ್ನೆಲ್ಲ ತಿರುಗಿ ಕಡಲಾಚೆಗೂ ಹೋಗಿತ್ತು. ಸುಮಾತ್ರಾ ದ್ವೀಪದಲ್ಲಿ ಆ ಸಂಘದ್ದೆಂದು ಗುರುತಿಸಲಾದ 1088ರ ತಮಿಳು ಶಾಸನ ದೊರೆತಿದೆ. ಅವರು ಬಂಡವಾಳ ಹಿಡಿದು ಹೋದವರು. ಇಂದು ಹೋಗುವವರು ತೋಳುಗಳನ್ನಷ್ಟೇ ಹಿಡಿದು ಹೋಗುತ್ತಾರೆ. ಮಳೆಯನ್ನೇ ನಂಬಿದ ಹೊಲ ಹಿಂಗಾರಿನಲ್ಲಿ ಕೈಕೊಟ್ಟರೆ ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಹಳ್ಳಿಗಳಿಂದ ಮಂಗಳೂರು, ಉಡುಪಿ, ಗೋವಾ, ಬೆಂಗಳೂರುಗಳಿಗೆ ಗುಳೆ ಹೊರಡುತ್ತಾರೆ. ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 13 ಹುನಗುಂದ, ಇಳಕಲ್ಲಗಳ ಮೂಲಕವೇ ಹಾದು ಹೋಗುತ್ತಿತ್ತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದ ಮೇಲೆ ಈ ಭಾಗ 50ನೆಯ ಹೆದ್ದಾರಿ ಎನಿಸಿಕೊಂಡಿದೆ. ಕರಾವಳಿಯ ಬಹುಮಹಡಿ ಕಟ್ಟಡಗಳಿಗೆ ದುಡಿಮೆಯನ್ನು ಸಾಗಿಸುವ ಕೆಲಸ ಮಾತ್ರ ಬದಲಾಗಿಲ್ಲ.

ಇಂಥವರಿಗೆ ಪ್ರಯಾಣದ ಖರ್ಚು ಕೊಡಬೇಕೆಂಬ ಯೋಚನೆ ಯಾರಿಗೂ ಹೊಳೆದಿರಲಿಲ್ಲವೇ? ಹೊಳೆದಿತ್ತು, ಕಾಯ್ದೆಯೂ ಆಗಿತ್ತು. ಒಡಿಶಾದಲ್ಲಿ 'ದಾದನ್' ಎಂಬ ಹೆಸರಿನಲ್ಲಿ ಮುಂಗಡ ಕೊಟ್ಟು ಕೂಲಿಗಳನ್ನು ಹೊರರಾಜ್ಯಗಳಿಗೆ ಸಾಗಿಸುತ್ತಿದ್ದ ಪದ್ಧತಿಯ ಅನ್ಯಾಯಗಳು ಬೆಳಕಿಗೆ ಬಂದ ಮೇಲೆ ಸಂಸತ್ತು 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯನ್ನು ಅಂಗೀಕರಿಸಿತು. ಅದರ 14ನೆಯ ಸೆಕ್ಷನ್ ಪ್ರಕಾರ ಊರು ಬಿಟ್ಟದ್ದಕ್ಕಾಗಿ ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಇವೆರಡರಲ್ಲಿ ಹೆಚ್ಚಿನದನ್ನು, ಸ್ಥಳಾಂತರ ಭತ್ಯೆಯಾಗಿ ಗುತ್ತಿಗೆದಾರ ಕೊಡಬೇಕಿತ್ತು. 15ನೆಯ ಸೆಕ್ಷನ್ ಪ್ರಕಾರ ಊರಿನಿಂದ ಕೆಲಸದ ಜಾಗಕ್ಕೆ ಹೋಗುವ ಮತ್ತು ಮರಳುವ ಎರಡೂ ಪ್ರಯಾಣದ ದರವನ್ನು ಕೊಡಬೇಕು. ಪ್ರಯಾಣದ ದಿನಗಳನ್ನು ಕೆಲಸದಲ್ಲಿದ್ದ ದಿನಗಳೆಂದೇ ಪರಿಗಣಿಸಿ ಕೂಲಿ ಕೊಡಬೇಕು. ಬಾದಾಮಿಯ ಯುವಕ ಹೇಳಿದ ಲೆಕ್ಕದ ಎರಡೂ ಭಾಗಗಳು ಇಲ್ಲಿವೆ ಎಂಬುದನ್ನು ಓದುಗರು ಗಮನಿಸಬೇಕು. ಕಾಯ್ದೆ ಬರೆದವರಿಗೆ ಕೂಲಿಯ ಲೆಕ್ಕ ಗೊತ್ತಿತ್ತು. ಅದನ್ನು ಜಾರಿ ಮಾಡಬೇಕಾದವರು ಕಾರ್ಮಿಕ ಇಲಾಖೆಯ ಬೆರಳೆಣಿಕೆಯ ನಿರೀಕ್ಷಕರು. ನೋಂದಣಿ ಮಾಡಿಸಬೇಕಾದವನು ಅದೇ ಗುತ್ತಿಗೆದಾರ. ನಲವತ್ತು ವರ್ಷಗಳಲ್ಲಿ ಈ ಭತ್ಯೆಯನ್ನು ಪಡೆದೆನೆಂದು ಹೇಳಿದ ಒಬ್ಬನೇ ಒಬ್ಬ ಕೂಲಿಯನ್ನೂ ನಾನು ಕಂಡಿಲ್ಲ.

ಜಾರಿಯ ಮಾತು ಒತ್ತಟ್ಟಿಗಿರಲಿ, ಕಾಯ್ದೆಯ ಎಲ್ಲೆಯೇ ವಿಚಿತ್ರ. ಅದು ರಾಜ್ಯದ ಗಡಿ ದಾಟಿದವನಿಗೆ ಮಾತ್ರ. ಬಾದಾಮಿಯಿಂದ ಗೋವಾದ ಫೋಂಡಾಕ್ಕೆ ಹೋದವನು ವಲಸೆ ಕಾರ್ಮಿಕ. ಅದಕ್ಕಿಂತ ಬಹಳ ದೂರದ ಮಂಗಳೂರಿಗೆ ಹೋದವನು ಕಾಯ್ದೆಯ ದೃಷ್ಟಿಯಲ್ಲಿ ಊರಲ್ಲೇ ಇದ್ದಾನೆ. ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು, ತನಗೆ ತಿಳಿಯದ ತುಳು ಮಾತಾಡುವ ಊರಿನಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿದರೂ ಅವನು ವಲಸೆ ಬಂದವನಲ್ಲ. ನನ್ನ ಸೋದರಳಿಯನ ಕಂಪನಿ ಅವನನ್ನು ಮುಂಬೈ ಬದಲು ಹುಬ್ಬಳ್ಳಿಗೆ ಕಳುಹಿಸಿದ್ದರೆ, ರಾಜ್ಯದ ಗಡಿ ದಾಟಿಲ್ಲವೆಂಬ ಕಾರಣಕ್ಕೆ ಟಿಕೆಟ್ಟನ್ನು ನಿಲ್ಲಿಸುತ್ತಿತ್ತೇ?

2020ರಲ್ಲಿ ಸಂಸತ್ತು ಅಂಗೀಕರಿಸಿದ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿ ಬಂದವನನ್ನೂ ವಲಸೆ ಕಾರ್ಮಿಕನೆಂದು ಒಪ್ಪಿಕೊಂಡದ್ದು ಮೆಚ್ಚಬೇಕಾದ ಸುಧಾರಣೆ. ಊರಿಗೆ ಹೋಗಿಬರುವ ದರವನ್ನು ಇಡಿಗಂಟಾಗಿ ಕೊಡುವ ಪ್ರಯಾಣ ಭತ್ಯೆಯೂ ಉಳಿದಿದೆ. ಆದರೆ ಸ್ಥಳಾಂತರ ಭತ್ಯೆ ಹೋಯಿತು. ರಾಜ್ಯದ ಗಡಿ ಹಾಗೆಯೇ ಉಳಿಯಿತು. ವ್ಯಾಖ್ಯೆಯಲ್ಲಿ ಇನ್ನೊಂದು ಮಿತಿ ಬಂದಿದೆ: ಕೇಂದ್ರ ಸರ್ಕಾರ ಹೆಚ್ಚಿಸದ ಹೊರತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಅದರೊಳಗೆ ಬರುವುದಿಲ್ಲ. ದಿನಕ್ಕೆ 700 ರೂಪಾಯಿಯಂತೆ 26 ದಿನ ದುಡಿದವನ ಗಳಿಕೆ 18,200 ರೂಪಾಯಿ. ಇನ್ನೂರು ರೂಪಾಯಿಯಿಂದ ಅವನು ವಲಸಿಗನ ಪಟ್ಟವನ್ನು ಕಳೆದುಕೊಳ್ಳುತ್ತಾನೆ. ಸಲಹೆಗಾರನ ವಾರಾಂತ್ಯದ ಟಿಕೆಟ್ಟಿಗೆ ಇಂತಹ ಆದಾಯ ಮಿತಿ ಇರುವುದನ್ನು ನಾನು ಕೇಳಿಲ್ಲ. ಅಲ್ಲಿ ಹುದ್ದೆ ಏರಿದಂತೆ ಟಿಕೆಟ್ಟಿನ ದರ್ಜೆಯೂ ಏರುತ್ತದೆ.

ಕಾನೂನು ಕೊಡದದ್ದನ್ನು ಅರ್ಧದಷ್ಟು ಕೊಟ್ಟದ್ದು ಬೇರೊಂದು ಯೋಜನೆ, ಅದೂ ಆ ಉದ್ದೇಶವಿಲ್ಲದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣಿಸಬಹುದು. ಅದನ್ನು ಟೀಕಿಸುವವರು ತೀರ್ಥಕ್ಷೇತ್ರಗಳ ನೂಕುನುಗ್ಗಲನ್ನೇ ಹೆಚ್ಚಾಗಿ ನೋಡಿದರು. ನಾನು ಇಳಕಲ್ಲಿನಲ್ಲಿ ಬೇರೊಂದನ್ನು ಕಂಡೆ. ಮಗ್ಗದ ಮನೆಯೊಂದರಲ್ಲಿ ಸೀರೆಯ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕುವ ಕೆಲಸದಲ್ಲಿದ್ದ ಹೆಣ್ಣುಮಗಳ ಗಂಡ ಉಡುಪಿಯಲ್ಲಿ ಗಾರೆ ಕೆಲಸದವನು. ಮೊದಲು ಅವನು ಆರು ತಿಂಗಳಿಗೊಮ್ಮೆ ಬರುತ್ತಿದ್ದ. ಈಗ ತಿಂಗಳಿಗೊಮ್ಮೆ ಶನಿವಾರ ರಾತ್ರಿ ಬಸ್ಸು ಹತ್ತಿ ಇವಳೇ ಹೋಗುತ್ತಾಳೆ. "ಅವರು ಬಂದ್ರ ರೊಕ್ಕ, ನಾ ಹೋದ್ರ ಫ್ರೀ ಅಲ್ರೀ" ಎಂದಳು. ರವಿವಾರ ಸಂತೆ ಮುಗಿಸಿ, ಒಂದು ಹೊತ್ತು ರೊಟ್ಟಿ ಬಡಿದು ಕೊಟ್ಟು, ಮರುದಿನ ಮಗ್ಗದ ಮನೆಗೆ ಮರಳುತ್ತಾಳೆ. ಹೆಂಡತಿಯನ್ನು ಕೆಲಸದ ಊರಿಗೆ ಕರೆಸಿಕೊಳ್ಳುವ ಸಲಹಾ ಕಂಪನಿಗಳ ಸೌಲಭ್ಯ ಇದಲ್ಲದೆ ಮತ್ತೇನು? ಗೋವಾದಲ್ಲಿ ದುಡಿಯುವವನ ಹೆಂಡತಿಗೆ ಮಾತ್ರ ಇದು ವಾಸ್ಕೋದವರೆಗೆ ಒದಗುವುದಿಲ್ಲ. ಕೇಂದ್ರದ ಕಾನೂನು ಗಡಿಯಾಚೆಗೆ ಹೋದವನನ್ನಷ್ಟೇ ಕಾಣುತ್ತದೆ, ರಾಜ್ಯದ ಯೋಜನೆ ಗಡಿಯೊಳಗಿನ ಮಹಿಳೆಯನ್ನಷ್ಟೇ ಕಾಣುತ್ತದೆ. ಮಂಗಳೂರಿನಲ್ಲಿ ದುಡಿಯುವ ಬಾದಾಮಿಯ ಗಂಡಸು ಇಬ್ಬರ ಕಣ್ಣಿಗೂ ಬೀಳುವುದಿಲ್ಲ.

ಅವನು ಒಮ್ಮೆ ಮಾತ್ರ ಎಲ್ಲರ ಕಣ್ಣಿಗೆ ಬಿದ್ದಿದ್ದ. 2020ರ ಮೇ ತಿಂಗಳ ಮೊದಲ ದಿನಗಳು. ದಿಗ್ಬಂಧನದಲ್ಲಿ ಸಿಕ್ಕಿಕೊಂಡಿದ್ದ ಕೂಲಿಗಳಿಗೆ ಊರಿಗೆ ಮರಳಲು ಸರ್ಕಾರ ಬಸ್ಸು ಬಿಟ್ಟಿತು. ಬಸ್ಸು ಖಾಲಿಯಾಗಿ ಹಿಂದಿರುಗಬೇಕಾದ್ದರಿಂದ ಆ ದಾರಿಯ ದರವನ್ನೂ ಸೇರಿಸಿ ಕೇಳಿತು. ಒಂದೂವರೆ ತಿಂಗಳಿಂದ ದುಡಿಮೆಯಿಲ್ಲದವರ ಬಳಿ ಕೇಳಿದ ಆ ಹಣ ರಾಜ್ಯದಲ್ಲಿ ದೊಡ್ಡ ಗದ್ದಲಕ್ಕೆ ಕಾರಣವಾಯಿತು. ವಿರೋಧ ಪಕ್ಷ ಒಂದು ಕೋಟಿ ರೂಪಾಯಿಯ ಚೆಕ್ ಹಿಡಿದು ಬಂತು. ಮೇ 3ರಂದು ಪ್ರಯಾಣ ಉಚಿತವೆಂದು ಸರ್ಕಾರ ಘೋಷಿಸಿತು. ಅದಾದ ಎರಡೇ ದಿನಗಳಲ್ಲಿ ಕಟ್ಟಡ ನಿರ್ಮಾಪಕರೊಂದಿಗೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಿಗೇ, ಹೊರರಾಜ್ಯಗಳ ಕಾರ್ಮಿಕರಿಗಾಗಿ ಕೇಳಿದ್ದ ರೈಲುಗಳು ಬೇಡವೆಂದು ಪತ್ರ ಹೋಯಿತು. ಟೀಕೆ ಬಂದ ಮೇಲೆ ರೈಲುಗಳು ಮತ್ತೆ ಹೊರಟವು. ಕೂಲಿ ಊರಿಗೆ ಹೋದರೆ ಮರಳಿ ಬರುವನೋ ಇಲ್ಲವೋ ಎಂಬ ಭಯ ಅಲ್ಲಿ ಕೆಲಸ ಮಾಡಿತ್ತು. ನೌಕರ ಬಿಟ್ಟುಹೋಗಬಾರದೆಂದು ಒಬ್ಬ ಮಾಲೀಕ ಪ್ರತಿ ವಾರ ಟಿಕೆಟ್ಟು ಕೊಡುತ್ತಾನೆ, ಅದೇ ಕಾರಣಕ್ಕೆ ಇನ್ನೊಬ್ಬ ರೈಲು ನಿಲ್ಲಿಸಲು ನೋಡುತ್ತಾನೆ. ಇಬ್ಬರ ಆತಂಕವೂ ಒಂದೇ. ನೌಕರನಿಗೆ ಬೇರೆ ಕಡೆ ಕೆಲಸ ಸಿಗುವ ಶಕ್ತಿ ಎಷ್ಟಿದೆ ಎಂಬುದರ ಮೇಲೆ ಉಪಾಯ ಬದಲಾಗುತ್ತದೆ. ಕೆಲಸದ ಕಷ್ಟ ಹೆಚ್ಚಿದಷ್ಟೂ ಕೂಲಿ ಹೆಚ್ಚಬೇಕೆಂದು ಆಡಂ ಸ್ಮಿತ್ 1776ರಷ್ಟು ಹಿಂದೆ ವಾದಿಸಿದ್ದ. ಮನೆಯಿಂದ ದೂರವಿರುವ ಕಷ್ಟದ ಬೆಲೆ ನಮ್ಮಲ್ಲಿ ತಿರುವುಮುರುವಾಗಿದೆ. ವಿಮಾನದಲ್ಲಿ ಎರಡು ತಾಸಿನ ದೂರವಿರುವವನಿಗೆ ಅದು ಸಿಗುತ್ತದೆ, ಬಸ್ಸಿನಲ್ಲಿ ಹನ್ನೆರಡು ತಾಸಿನ ದೂರವಿರುವವನಿಗೆ ಸಿಗುವುದಿಲ್ಲ.

ಈ ವಿಷಯವನ್ನು ಈಗ ಎತ್ತಲು ಒಂದು ಕಾರಣವಿದೆ. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತಕ್ಕಾಗಿ ಮುಳುಗಡೆಯ ಭೂಮಿಗೆ ಎಕರೆಗೆ ಒಣಬೇಸಾಯದ್ದಾದರೆ 30 ಲಕ್ಷ, ನೀರಾವರಿಯದ್ದಾದರೆ 40 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ನೆರೆರಾಜ್ಯಗಳ ತಕರಾರುಗಳು ಏನೇ ಇರಲಿ, ಭೂಸ್ವಾಧೀನ, ಸಮೀಕ್ಷೆ, ಪುನರ್ವಸತಿ ಕೇಂದ್ರಗಳ ವಿನ್ಯಾಸ ಇವುಗಳಿಗೆ ಬಾಗಲಕೋಟೆಗೆ ಮತ್ತೊಂದು ಸುತ್ತು ಸಲಹೆಗಾರರು ಬರುವುದು ಖಚಿತ. ನವನಗರದ ವಸತಿಗೃಹಗಳು ಸೋಮವಾರ ತುಂಬಿ ಶುಕ್ರವಾರ ಖಾಲಿಯಾಗುತ್ತವೆ. ಅವರ ಒಪ್ಪಂದಗಳಲ್ಲಿ ಮರುಪಾವತಿ ವೆಚ್ಚದ ಬಾಬು ಇದ್ದೇ ಇರುತ್ತದೆ, ಇರಲಿ. ಆದರೆ ಅದೇ ಯೋಜನೆಯ ಕಾಲುವೆ, ರಸ್ತೆ, ಮನೆಗಳನ್ನು ಕಟ್ಟಲು ಬರುವ ಕೂಲಿಗಳಿಗೂ, ಅವರು ಬಿಹಾರದವರಿರಲಿ ರಾಯಚೂರಿನವರಿರಲಿ, ಟೆಂಡರಿನಲ್ಲಿ ಅಂತಹುದೇ ಒಂದು ಸಾಲು ಏಕಿರಬಾರದು?

ನಾನು ಸೂಚಿಸುವುದು ಪ್ರತಿ ವಾರಾಂತ್ಯದ ಟಿಕೆಟ್ಟನ್ನಲ್ಲ. ಊರಿನಿಂದ ನೂರು ಕಿಲೋಮೀಟರಿಗಿಂತ ದೂರ ಸರ್ಕಾರಿ ಕಾಮಗಾರಿಯಲ್ಲಿ ದುಡಿಯುವವರಿಗೆ ಮೂರು ತಿಂಗಳಿಗೊಮ್ಮೆ ಊರಿಗೆ ಹೋಗಿಬರುವ ಬಸ್ಸು ಅಥವಾ ರೈಲಿನ ದರ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಜಲ್ಲಿ, ಮರಳು, ಡೀಸೆಲ್, ಗುತ್ತಿಗೆದಾರನ ಲಾಭ ಎಲ್ಲಕ್ಕೂ ಲೆಕ್ಕವಿದೆ, ಇದೂ ಸೇರಲಿ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯದೊಳಗಿನ ವಲಸಿಗರಿಗೆ ನಿಯಮ ಮಾಡಲು ಕರ್ನಾಟಕ ದೆಹಲಿಯ ಕಡೆ ನೋಡಬೇಕಿಲ್ಲ. ಖಾಸಗಿ ಕಟ್ಟಡಗಳ ವಿಷಯ ಕಷ್ಟದ್ದು. ಆದರೆ ಅಲ್ಲಿಯೂ ನಿರ್ಮಾಣ ವೆಚ್ಚದ ಶೇಕಡಾ ಒಂದರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದು ಸಂಗ್ರಹವಾಗುತ್ತದೆ. ಆ ನಿಧಿಯಿಂದ ಕಿಟ್ಟುಗಳನ್ನು ಕೊಂಡು ಹಂಚುವುದರಲ್ಲಿ ತೋರಿದ ಉತ್ಸಾಹದ ಕಾಲುಭಾಗವನ್ನು ಟಿಕೆಟ್ಟುಗಳಿಗೆ ತೋರಿದರೂ ಸಾಕು.

ಗುತ್ತಿಗೆದಾರ ಈ ಹಣವನ್ನೂ ನುಂಗುತ್ತಾನೆ ಎಂಬ ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಹಾಗಾಗಿ ಹಣ ಬೇಡ, ಟಿಕೆಟ್ಟನ್ನೇ ಕೊಡಿ. ಬಸ್ಸುಗಳು ಸರ್ಕಾರದವು, ಶಕ್ತಿ ಯೋಜನೆಯಲ್ಲಿ ಶೂನ್ಯ ದರದ ಟಿಕೆಟ್ಟು ಹರಿದು ನಿಗಮಗಳಿಗೆ ಹಣ ತುಂಬಿಕೊಡುವ ವ್ಯವಸ್ಥೆ ಈಗಾಗಲೇ ಇದೆ. ಕಲ್ಯಾಣ ಮಂಡಳಿಯ ಕಾರ್ಡುಗಳಲ್ಲಿ ನಕಲಿಯೇ ಹೆಚ್ಚು ಎಂಬ ಮಾತೂ ಇದೆ. ಮಂಗಳೂರಿನ ಕಟ್ಟಡದ ಮೇಲೆ ಎಂದೂ ನಿಲ್ಲದವನು ಕಾರ್ಡು ತೋರಿಸಿ ಬಾದಾಮಿಯಿಂದ ಮಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಸುಮ್ಮನೆ ಪ್ರಯಾಣಿಸುವನೇ? ಇದು ನಕಲಿಗಳಿಗೆ ಅಷ್ಟೇನೂ ರುಚಿಸದ ಸೌಲಭ್ಯ.

ಈ ಯೋಚನೆಯನ್ನು ಬಾದಾಮಿಯ ಆ ಯುವಕನ ಮುಂದೆಯೂ ಅಂದು ಅರೆಬರೆಯಾಗಿ ಹೇಳಿದ್ದೆ. ಸೋದರಳಿಯ ಫೋನಿನಲ್ಲಿ ಕಾರಿನ ಚಾಲಕನಿಗೆ ದಾರಿ ಹೇಳುತ್ತಿದ್ದ. ಯುವಕ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಟಿಕೀಟ ಕೊಡ್ತಾರ ಅಂತ ಇಟ್ಕೊಳ್ರಿ. ಮೇಸ್ತ್ರಿ ರಜಾ ಕೊಡಬೇಕಲ್ರಿ? ಮೂರ ದಿವಸ ಬಿಟ್ಟ ಹೋದ್ರ ಆ ಜಾಗಾಕ ಇನ್ನೊಬ್ಬ ಬಂದಿರ್ತಾನ."

ನನ್ನ ಬಳಿ ಆಗ ಉತ್ತರವಿರಲಿಲ್ಲ. ಮನೆಗೆ ಬಂದು 1979ರ ಕಾಯ್ದೆಯ 15ನೆಯ ಸೆಕ್ಷನ್ನನ್ನು ಮತ್ತೆ ಓದಿದೆ. ಪ್ರಯಾಣದ ದಿನಗಳ ಕೂಲಿಯ ಮಾತು ಅಲ್ಲಿದೆ. ಮರಳಿ ಬಂದಾಗ ಅದೇ ಕೆಲಸ ಅವನಿಗಾಗಿ ಕಾದಿರಬೇಕೆಂಬ ಮಾತು ಅಲ್ಲಿಲ್ಲ. ಸಲಹೆಗಾರರಿಗೆ ಅದನ್ನು ಒಪ್ಪಂದದಲ್ಲಿ ಬರೆಯುವ ಅಗತ್ಯವೇ ಬೀಳುವುದಿಲ್ಲ. ಕೂಲಿಗೆ ಅದನ್ನೇ ಮೊದಲು ಬರೆಯಬೇಕಾಗುತ್ತದೆ, ಟಿಕೆಟ್ಟಿಗಿಂತಲೂ ಮೊದಲು.